ಮಾಟುಂಗಾ ಫುಟ್‌ಪಾತಿನ ಕಾಮಿಕ್ಸ್ ಅಂಗಡಿ: ನೀಲಿ ಹಲ್ಕ್, ಹರಿದ ಕೊನೆ ಪುಟ ಮತ್ತೆ ಒಂದಿಷ್ಟು ಮುಂಗೋಪಿಗಳು

ಮೊದಲೇ ಹೇಳಿಬಿಡ್ತೇನೆ, ಇದು ಎಸಿ ಹಾಕಿ ಕಾಫಿ ಕೊಡುವ ಪುಸ್ತಕದಂಗಡಿಯ ರಿವ್ಯೂ ಅಲ್ಲ. ಮುಂಬೈ ಮಾಟುಂಗಾದ ಕಿಂಗ್ಸ್ ಸರ್ಕಲ್ ಕಡೆ ಫುಟ್‌ಪಾತ್ ಮೇಲೆ ಹಳೆ ಪುಸ್ತಕ ಗುಡ್ಡೆ ಹಾಕಿಕೊಂಡು ಕೂತವರು ಇರ್ತಾರಲ್ಲ, ಒಂದು ಕಡೆ ಎಂಜಿನಿಯರಿಂಗ್ ಗೈಡು, ಇನ್ನೊಂದು ಕಡೆ ಸಿಎ ಪುಸ್ತಕ, ಮಧ್ಯದಲ್ಲಿ ಯಾರ್ಯಾರೋ ಮನೆ ಖಾಲಿ ಮಾಡುವಾಗ ತೂಕಕ್ಕೆ ಹಾಕಿದ ಕಾದಂಬರಿಗಳು, ಅಂಥವರಲ್ಲಿ ಒಬ್ಬನ ಹತ್ರ ಹಳೆ ಕಾಮಿಕ್ಸ್ ಸಿಗ್ತದೆ ಅಂತ ನನ್ನ ಆಫೀಸಿನವನೊಬ್ಬ ಹೇಳಿದ್ದಕ್ಕೆ ಹೋದದ್ದು. ಬೋರ್ಡ್ ಇಲ್ಲ, ಹೆಸರಿಲ್ಲ, ಫೋನಿನ ಮ್ಯಾಪಲ್ಲೂ ಇಲ್ಲ. ಒಂದು ನೀಲಿ ಟರ್ಪಾಲ್, ಅದರಡಿ ಎರಡು ಹಲಗೆ, ಒಂದು ಪ್ಲಾಸ್ಟಿಕ್ ಸ್ಟೂಲು, ಅದರ ಮೇಲೆ ಕೂತು ಮೊಬೈಲಲ್ಲಿ ಕ್ರಿಕೆಟ್ ನೋಡ್ತಾ ಇರುವ ಒಬ್ಬ ಮನುಷ್ಯ. ಅಷ್ಟೇ ಅಂಗಡಿ.

ಆದಿತ್ಯವಾರ ಹೋದೆ. ಆದಿತ್ಯವಾರ ಅಂದ್ರೆ ಸೆಂಟ್ರಲ್ ಲೈನಲ್ಲಿ ಮೆಗಾ ಬ್ಲಾಕ್ (ರಿಪೇರಿಗೆ ಅಂತ ಲೋಕಲ್ ರೈಲು ಕಡಿಮೆ ಮಾಡುವುದು), ಡೊಂಬಿವಲಿಯಿಂದ ಮಾಟುಂಗಾ ತಲುಪುವಷ್ಟರಲ್ಲಿ ನನ್ನದೇ ಮಂಡೆ ಹಲ್ಕ್ (ಕೋಪ ಬಂದಷ್ಟೂ ಬಲ ಏರುವ ಕಾಮಿಕ್ಸಿನ ದೈತ್ಯ) ಆಗಿತ್ತು. ಜೊತೆಗೆ ಅಕ್ಕನ ಮಗ, 14 ವರ್ಷ, ಸಿನಿಮಾ ಎಲ್ಲ ನೋಡಿದ್ದಾನೆ, ಪುಸ್ತಕ ಒಂದೂ ಮುಟ್ಟಿದವನಲ್ಲ. ಅವನಿಗೆ ಇರುವುದು ಒಂದೇ ಪ್ರಶ್ನೆ, "ಮಾಮ, ಇದ್ರಲ್ಲಿ ಯಾರು ಗೆದ್ದದ್ದು?" ಯಾವ ಪುಸ್ತಕ ಎತ್ತಿದ್ರೂ ಅದೇ. ಈ ರಿವ್ಯೂ ಅರ್ಧ ಅಂಗಡಿಯದ್ದು, ಇನ್ನರ್ಧ ಆ ಪ್ರಶ್ನೆಗೆ ನಾನು ಕೊಟ್ಟ ಉತ್ತರದ್ದು ಅಂತ ಇಟ್ಕೊಳ್ಳಿ.

ನನ್ನ ಹತ್ರವೂ ಒಂದು ಟ್ರಂಕ್ ತುಂಬ ಇತ್ತು ಮಾರಾಯ್ರೆ. ಅಪ್ಪ ಫೋರ್ಟಲ್ಲಿ ಹೋಟೆಲ್ ಕೆಲಸಕ್ಕೆ ಅಂತ ಊರು ಬಿಟ್ಟು ಬಂದವರು, ಹಗಲು ಟೇಬಲ್ ಒರೆಸಿ ರಾತ್ರಿ ಕನ್ನಡ ಶಾಲೆಗೆ ಹೋಗಿ ಎಸ್ಸೆಸ್ಸೆಲ್ಸಿ ಮಾಡಿದವರು, ಹಾಗಾಗಿ ಓದುವ ಎಂಥದ್ದಕ್ಕೂ ಇಲ್ಲ ಅಂತಿರಲಿಲ್ಲ. ಇಂದ್ರಜಾಲ ಕಾಮಿಕ್ಸು, ಅಮರ ಚಿತ್ರಕಥೆ (ಅದು ಮಾಡಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು ಅಂತ ಅಪ್ಪ ಪ್ರತಿ ಸಲ ಹೇಳ್ತಿದ್ರು, ಪೈಗಳು ನಮ್ಮ ಮನೆಗೆ ಬಂದು ಊಟ ಮಾಡಿ ಹೋದ ಹಾಗೆ), ಆಮೇಲೆ ಫೌಂಟನ್ ಫುಟ್‌ಪಾತಿಂದ ತಂದ ಅಮೆರಿಕದ್ದು. ನಾವಿದ್ದದ್ದು ಕಲಿನಾದಲ್ಲಿ, ಗ್ರೌಂಡ್ ಫ್ಲೋರ್. 2005ರ ಜುಲೈ 26ಕ್ಕೆ ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆ ದಿನ ಟ್ರಂಕ್ ಮಂಚದಡಿ ಇತ್ತು. ಮೂರು ದಿನ ಬಿಟ್ಟು ತೆಗೆದ್ರೆ ಎಲ್ಲ ಸೇರಿ ಒಂದೇ ಮುದ್ದೆ, ದೋಸೆಹಿಟ್ಟಿನ ಹಾಗೆ. ಅದರಲ್ಲಿ ಏನೇನಿತ್ತು ಅಂತ ನನಗೆ ಈಗಲೂ ಬಾಯಿಪಾಠ.

ಈಗ ಅಂಗಡಿಗೆ ಬರುವ. ಆವತ್ತು ನಾಲ್ಕು ಐಟಂ ತಗೊಂಡೆ, ಒಟ್ಟು 900 ರೂಪಾಯಿ. ಅವನು ಹೇಳಿದ್ದು 1400. ಚೌಕಾಸಿ ಮಾಡಲೇಬೇಕು, ಇಲ್ಲದಿದ್ರೆ ಅವನಿಗೇ ಬೇಜಾರಾಗ್ತದೆ.

ಒಂದನೇದು ಅಮೆರಿಕದ ಕಾಮಿಕ್ಸ್ ಕಂಪನಿ ಮಾರ್ವೆಲ್ 1996ರಿಂದ ತರ್ತಿದ್ದ "ಎಸೆನ್ಷಿಯಲ್" ಅನ್ನುವ ಸೀರೀಸಿನ ಹಲ್ಕ್ ಪುಸ್ತಕ. ಗೊತ್ತಿಲ್ಲದವರಿಗೆ, ಹಳೆ ಟೆಲಿಫೋನ್ ಡೈರೆಕ್ಟರಿ ಸೈಜು, ಸಾಧಾರಣ ಕಾಗದ, ಕಪ್ಪು ಬಿಳುಪು, ಒಂದೊಂದರಲ್ಲಿ ಇಪ್ಪತ್ತು ಮೂವತ್ತು ಸಂಚಿಕೆ ಒಟ್ಟಿಗೆ ಸಿಗ್ತದೆ. ಬಡವರ ಪಾಲಿನ ಬಂಗಾರ ಅದು. ನನಗೆ ಸಿಕ್ಕಿದ ಕಾಪಿಯ ವಿಶೇಷ ಎಂತ ಅಂದ್ರೆ ಮೊದಲಿನ ಮಾಲೀಕ ಯಾರೋ ಚಿಕ್ಕ ಮಗು ಇರ್ಬೇಕು, ಸ್ಕೆಚ್ ಪೆನ್ನಲ್ಲಿ ಹಲ್ಕಿಗೆ ಬಣ್ಣ ಹಾಕಿದೆ. ನೀಲಿ! ಸುಮಾರು ಅರವತ್ತು ಪುಟದವರೆಗೆ ನೀಲಿ ಹಲ್ಕು, ನಡುವೆ ಪೆನ್ನು ಒಣಗ್ತಾ ಬಂದದ್ದು ಗೊತ್ತಾಗ್ತದೆ, ಗೆರೆ ತೆಳ್ಳಗಾಗ್ತಾ ಹೋಗಿ ಒಂದು ಕಡೆ ಹಲ್ಕಿನ ಎಡಗೈ ಮಾತ್ರ ನೀಲಿ, ಆಮೇಲೆ ನಿಂತಿದೆ. ಅಳಿಯ ಬಿದ್ದು ಬಿದ್ದು ನಗಾಡಿದ. ನಗುವಂಥದ್ದೇನಿಲ್ಲ ಅಂದೆ, 1962ರಲ್ಲಿ ಹಲ್ಕ್ ಮೊದಲ ಸಂಚಿಕೆಯಲ್ಲಿ ಬಂದಾಗ ಅವನ ಬಣ್ಣ ಬೂದಿ, ಪ್ರಿಂಟಿಂಗಲ್ಲಿ ಆ ಬೂದಿ ಪುಟಕ್ಕೊಂದು ಥರ ಬಂತು ಅಂತ ಎರಡನೇ ಸಂಚಿಕೆಗೆ ಹಸಿರು ಮಾಡಿದ್ದು, ಕಂಪನಿಯವರಿಗೇ ಬಣ್ಣ ಸರಿ ಬರ್ಲಿಲ್ಲ, ಆ ಮಗುವಿಗೆ ಎಂತಕ್ಕೆ ಬಯ್ಯುವುದು.

ಆ ಪುಸ್ತಕ ತಗೊಂಡದ್ದು ಒಂದೇ ಕಾರಣಕ್ಕೆ, ಅದರಲ್ಲಿ 181ನೇ ಸಂಚಿಕೆ ಉಂಟು. 1974 ನವೆಂಬರ್ ಅಂತ ಕವರ್ ಮೇಲಿನ ತಾರೀಕು, ಬೆಲೆ 25 ಸೆಂಟು. ಕೈಯಲ್ಲಿ ಉದ್ದ ಉಗುರಿರುವ ಹೀರೋ ವೂಲ್ವರಿನ್ ಮೊದಲ ಸಲ ಪೂರ್ತಿ ಕಾಣಿಸಿಕೊಂಡದ್ದು ಇದರಲ್ಲೇ, ಹಿಂದಿನ 180ರ ಕೊನೆ ಚಿತ್ರದಲ್ಲಿ ಹಾರಿ ಬಂದು ನಿಂತಿರ್ತಾನೆ ಅಷ್ಟೆ. ಬರೆದದ್ದು ಲೆನ್ ವೀನ್, ಚಿತ್ರ ಹರ್ಬ್ ಟ್ರಿಂಪ್, ವೇಷದ ಡಿಸೈನು ಜಾನ್ ರೊಮಿಟಾ. ಕೆನಡಾದ ಕಾಡು, ವೆಂಡಿಗೋ ಅನ್ನುವ ಒಂದು ಬಿಳಿ ರಾಕ್ಷಸ, ಅದರ ಜೊತೆ ಹಲ್ಕ್ ಕುಸ್ತಿ ಹಿಡಿದಿರುವಾಗ ಮಧ್ಯದಲ್ಲಿ ಈ ಕುಳ್ಳ ನುಗ್ತಾನೆ. ಸರ್ಕಾರ ಕಳಿಸಿದ್ದು ಅವನನ್ನು, ಹಲ್ಕನ್ನು ಓಡಿಸ್ಲಿಕ್ಕೆ. ಎತ್ತರದಲ್ಲಿ ಹಲ್ಕಿನ ಹೊಟ್ಟೆಗೂ ಬರುವುದಿಲ್ಲ, ಬಾಯಿ ಮಾತ್ರ ಊರಗಲ. ನಮ್ಮಲ್ಲಿ ಕುಳ್ಳರಿಗೆ ಕೋಪ ಮೂಗಿನ ತುದೀಲಿ ಅಂತಾರಲ್ಲ, ಲೆನ್ ವೀನ್‌ಗೆ ಯಾರು ಹೇಳಿದ್ರೋ.

ತಮಾಷೆ ಎಂತ ಅಂದ್ರೆ ಈಗ ಎಲ್ರಿಗೂ ಗೊತ್ತಿರುವ ವೂಲ್ವರಿನ್ನೇ ಅಲ್ಲ ಅವನು. ಉಗುರು ಕೈಯೊಳಗಿಂದ ಬರುವುದು ಅಂತ ಗೊತ್ತಾದದ್ದು ಆಮೇಲೆ, ಅವನು ಸೇರಿದ ಎಕ್ಸ್‌ಮೆನ್ ಗುಂಪಿನ ಕಥೆಯಲ್ಲಿ. ಇಲ್ಲಿ ನೋಡಿದ್ರೆ ಗ್ಲೌಸಿನದ್ದು ಅಂತಲೇ ಅನ್ನಿಸ್ತದೆ. ಗಾಯ ತನ್ನಷ್ಟಕ್ಕೇ ವಾಸಿಯಾಗುವ ಸಂಗತಿಯೂ ನಂತರದ ಸೇರ್ಪಡೆ. ನಮ್ಮ ಅಜ್ಜಿ ಗಾದೆ ಹೇಳ್ತಿದ್ರು, ಕೋಪದಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬಾರದು ಅಂತ. ಈ ಒಬ್ಬ ಮನುಷ್ಯನಿಗೆ ಬರ್ತದೆ ನೋಡಿ, ಅದಕ್ಕೇ ಅವನಿಗೆ ಬುದ್ಧಿ ಬರ್ಲಿಕ್ಕೆ ಅಷ್ಟು ವರ್ಷ ಹಿಡಿದದ್ದು.

ಅಳಿಯನ ಪ್ರಶ್ನೆ ಬಂತು. ಗೆದ್ದದ್ದು ಹಲ್ಕು, ಕೊನೆಗೆ ಪೆಟ್ಟು ಬಿದ್ದು ವೂಲ್ವರಿನ್ ಮಲಗ್ತಾನೆ. ಆದ್ರೆ ಕಥೆ ಅದಲ್ಲವೋ ಅಂದೆ. ವೆಂಡಿಗೋ ಅಂದ್ರೆ ಶಾಪ ತಗುಲಿದ ಒಬ್ಬ ಮನುಷ್ಯ, ಅವನ ತಂಗಿ ಆ ಶಾಪವನ್ನು ಹಲ್ಕಿನ ಮೈಮೇಲೆ ದಾಟಿಸಿ ಅಣ್ಣನನ್ನು ಬಿಡಿಸಿಕೊಳ್ಳುವ ಅಂತ ಪ್ಲಾನ್ ಮಾಡಿರ್ತಾಳೆ, ಕೊನೆಗೆ ಅವಳ ಜೊತೆಗಿದ್ದ ಗೆಳೆಯ ತಾನೇ ಆ ಶಾಪ ತಗೊಂಡು ರಾಕ್ಷಸ ಆಗ್ತಾನೆ. ಹೊರಗೆ ಇಬ್ಬರು ಮುಂಗೋಪಿಗಳು ಮರ ಕಿತ್ತು ಬಡಿದಾಡುವಾಗ ಒಳಗೆ ಒಬ್ಬ ಸದ್ದಿಲ್ಲದೆ ಹೀಗೆ ಮಾಡಿದ. ಆ ಮಗುವಿನ ನೀಲಿ ಪೆನ್ನು ಇಲ್ಲಿಗೆ ಬರುವ ಮೊದಲೇ ಒಣಗಿದೆ, ಒಳ್ಳೇದಾಯ್ತು.

ಈ ಸಂಚಿಕೆಯ ಒರಿಜಿನಲ್‌ಗೆ ಈಗ ಲಕ್ಷಗಟ್ಟಲೆ ರೂಪಾಯಿ. ಅದರೊಳಗೆ ಒಂದು ಸ್ಟಾಂಪ್ ಪ್ರಿಂಟಾಗಿತ್ತು, ಕತ್ತರಿಸಿ ಆಲ್ಬಮ್ಮಿಗೆ ಅಂಟಿಸ್ಲಿಕ್ಕೆ ಅಂತ ಕಂಪನಿಯವರೇ ಕೊಟ್ಟದ್ದು, ಆಗಿನ ಮಕ್ಕಳು ಕತ್ತರಿ ಹಿಡಿದು ಕತ್ತರಿಸಿದ್ರು, ಈಗ ಸ್ಟಾಂಪ್ ಹೋದ ಕಾಪಿಗೆ ರೇಟು ಇಳಿದು ಹೋಗ್ತದೆ. ಇದನ್ನು ಅಂಗಡಿಯವನಿಗೆ ಹೇಳಿದೆ, ಅವನು ಕ್ರಿಕೆಟ್ ನಿಲ್ಲಿಸಿ ಗುಡ್ಡೆ ಪೂರ್ತಿ ಒಂದು ಸಲ ಹುಡುಕಿದ. ಹೇಳ್ಬಾರದಿತ್ತು.

ಟ್ರಂಕಲ್ಲಿ ಹೋದದ್ದರಲ್ಲಿ ಹೊಟ್ಟೆ ಉರಿಯುವುದು ಹಲ್ಕ್ ವೂಲ್ವರಿನ್ ಇಬ್ಬರ ಇನ್ನೊಂದು ಭೇಟಿಗೆ, 1988ರ 340ನೇ ಸಂಚಿಕೆ. ಪೀಟರ್ ಡೇವಿಡ್ ಬರೆದದ್ದು, ಟಾಡ್ ಮ್ಯಾಕ್‌ಫರ್ಲೇನ್ ಚಿತ್ರ. ಅದರ ಕವರ್ ನೋಡಿದವರು ಮರೆಯುವುದಿಲ್ಲ, ವೂಲ್ವರಿನ್ ಉಗುರು ಬಿಚ್ಚಿ ನಿಂತಿದ್ದಾನೆ, ಆ ಉಗುರಿನಲ್ಲಿ ಹಲ್ಕಿನ ಮುಖ ಕನ್ನಡಿಯ ಹಾಗೆ ಕಾಣ್ತದೆ. ಈ ಹೊತ್ತಿಗೆ ಹಲ್ಕ್ ಮತ್ತೆ ಬೂದಿ ಬಣ್ಣ, ಮಾತು ಕಲಿತಿದ್ದಾನೆ, ಕುಹಕ ಕಲಿತಿದ್ದಾನೆ. ವೂಲ್ವರಿನ್‌ಗೆ ಜಗಳ ಬೇಡ. ಬೇಡ ಬೇಡ ಅಂತ ಕೈ ಕಟ್ಟಿಕೊಂಡವನನ್ನು ಹಲ್ಕ್ ಕೆಣಕ್ತಾ ಕೆಣಕ್ತಾ ಹೋಗುವುದು, ಗಲ್ಲಿಯಲ್ಲಿ ಸುಮ್ಮನೆ ಹೋಗುವ ನಾಯಿಗೆ ಕಲ್ಲು ಹೊಡೆಯುವ ಹುಡುಗರ ಹಾಗೆ, ಆಮೇಲೆ ನಾಯಿ ತಿರುಗ್ತದೆ. ಮುಂಗೋಪಿ ಅಂದ್ರೆ ಕೋಪ ಮಾಡುವವನು ಅಲ್ಲ, ಕೋಪ ತಡೀಲಿಕ್ಕೆ ದಿನಾ ಒದ್ದಾಡುವವನು ಅಂತ ನನಗೆ ಗೊತ್ತಾದದ್ದು ಅದನ್ನು ಓದಿ. ಅಪ್ಪನ ಬಗ್ಗೆಯೂ ಸ್ವಲ್ಪ ಅರ್ಥ ಆಯ್ತು, ಅದು ಬೇರೆ ವಿಷಯ. ಈ ಅಂಗಡಿಯಲ್ಲಿ ಅದು ಸಿಗ್ಲಿಲ್ಲ. ಬಂದ್ರೆ ತೆಗೆದಿಡು ಅಂತ ನಂಬರ್ ಕೊಟ್ಟು ಬಂದಿದ್ದೇನೆ, ಈವರೆಗೆ ಫೋನಿಲ್ಲ.

ಹೀರೋಗಳೇ ಹೀರೋಗಳ ಜೊತೆ ಹೊಡೆದಾಡುವುದು ಎಂಥ ಹುಚ್ಚು ಅಂತ ಅಕ್ಕ ಕೇಳ್ತಾಳೆ. ಯಕ್ಷಗಾನ ನೋಡಿ ಬೆಳೆದವಳು ಕೇಳುವ ಪ್ರಶ್ನೆಯಾ ಇದು? ಕೃಷ್ಣಾರ್ಜುನ ಕಾಳಗ ಅಂದ್ರೆ ಎಂತ ಮತ್ತೆ? ಗಯ ಗಂಧರ್ವ ಆಕಾಶದಲ್ಲಿ ಹೋಗುವಾಗ ಉಗಿದದ್ದು ಕೃಷ್ಣನ ಕೈಗೆ ಬಿತ್ತು, ಕೃಷ್ಣ ಅವನ ತಲೆ ತೆಗೀತೇನೆ ಅಂತ ಶಪಥ ಮಾಡಿದ, ಗಯ ಹೋಗಿ ವಿಷಯ ಪೂರ್ತಿ ಹೇಳದೆ ಅರ್ಜುನನ ಹತ್ರ ಅಭಯ ತಗೊಂಡ, ಆಯ್ತಲ್ಲ, ಭಾವ ಭಾವನಿಗೇ ಬಿತ್ತು ಗಂಟು. ಇಬ್ಬರದ್ದೂ ತಪ್ಪಿಲ್ಲ, ಇಬ್ಬರೂ ಬಿಡುವವರಲ್ಲ, ಕೊನೆಗೆ ಈಶ್ವರ ಬಂದು ನಿಲ್ಲಿಸ್ಬೇಕಾಯ್ತು. ಮಾರ್ವೆಲ್‌ನವರು 1960ರ ದಶಕದಲ್ಲಿ ಮಾಡಿದ್ದು ಇದನ್ನೇ. ಮೈಸೂರು ಅಸೋಸಿಯೇಶನ್ನಿಗೆ ಅಪ್ಪ ನಾಟಕಕ್ಕೆ ಕರ್ಕೊಂಡು ಬರುವಾಗ ಇದೇ ಮಾಟುಂಗಾ ಫುಟ್‌ಪಾತಲ್ಲಿ ನಡೆದದ್ದು ನಾನು, ಆಗಲೂ ನನಗೆ ಧರ್ಮರಾಯ ಬೋರು, ಬಣ್ಣದ ವೇಷ ಬೊಬ್ಬೆ ಹೊಡೆದು ಬಂದ್ರೆ ಮಾತ್ರ ನಿದ್ದೆ ಹಾರುವುದು.

ಎರಡನೇ ಐಟಂ ಬಗ್ಗೆ ಕಂಪ್ಲೇಂಟ್ ಉಂಟು. ಯಾರೋ ಪುಣ್ಯಾತ್ಮರು ಏಳೆಂಟು ರೀಪ್ರಿಂಟ್ ಕಾಮಿಕ್ಸನ್ನು ಒಟ್ಟಿಗೆ ಬೈಂಡ್ ಮಾಡಿಸಿದ್ದು, ಹಳೆ ಲೆಡ್ಜರ್ ಪುಸ್ತಕದ ಹಾಗೆ ಬೆನ್ನಿಗೆ ಕೆಂಪು ಬಟ್ಟೆ, ಬದಿಗೆ ಮಾರ್ಬಲ್ ಕಾಗದ. ಪ್ಲಾಸ್ಟಿಕ್ಕಲ್ಲಿ ಸುತ್ತಿ ಟೇಪ್ ಹಾಕಿ ಇಟ್ಟಿದ್ದ. ತೆರೆದು ನೋಡ್ತೇನೆ ಅಂದ್ರೆ "ಅಣ್ಣಾ, ಮಾಲ್ ಗ್ಯಾರಂಟಿ" ಅಂದ. ಗ್ಯಾರಂಟಿ ಅಂದ ಕೂಡಲೇ ನನಗೆ ಗೊತ್ತಾಗ್ಬೇಕಿತ್ತು. ಮನೆಗೆ ಬಂದು ಟೇಪ್ ಕೀಳಿದ್ರೆ ಮಧ್ಯೆ ಒಂದು ಕಡೆ ನಾಲ್ಕು ಪುಟವೇ ಇಲ್ಲ, ಬ್ಲೇಡಲ್ಲಿ ನೀಟಾಗಿ ಕೊಯ್ದದ್ದು, ಬುಡದ ಗೆರೆ ಕಾಣ್ತದೆ. ಅದೂ ಯಾವ ಜಾಗದಲ್ಲಿ? ಹಲ್ಕ್ ಮತ್ತು ಥಿಂಗ್ ಕಾಳಗದ ಕೊನೆಗೆ.

ನನ್ನನ್ನು ಕೇಳಿದ್ರೆ ಇಡೀ ಹಳೆ ಕಾಮಿಕ್ಸಿನ ಹೊಡೆದಾಟಗಳಲ್ಲಿ ಇದಕ್ಕೆ ಮೊದಲ ಮಣೆ. ಥಿಂಗ್ ಇರುವ ನಾಲ್ವರು ಹೀರೋಗಳ ಗುಂಪು ಫೆಂಟಾಸ್ಟಿಕ್ ಫೋರ್, ಅದರ 25 ಮತ್ತು 26ನೇ ಸಂಚಿಕೆ, 1964, ಸ್ಟಾನ್ ಲೀ, ಜ್ಯಾಕ್ ಕರ್ಬಿ. ಹಲ್ಕಿಗೆ ಕೋಪ ಎಂತಕ್ಕೆ ಅಂತ ನೋಡಿ. ಅವೆಂಜರ್ಸ್ ಗುಂಪು ಶುರು ಮಾಡುವಾಗ ಅವನೂ ಇದ್ದವನು, ಬಿಟ್ಟು ಹೋದ, ಈಗ ಪೇಪರಲ್ಲಿ ನೋಡ್ತಾನೆ, ಅವನ ಜಾಗಕ್ಕೆ ಕ್ಯಾಪ್ಟನ್ ಅಮೆರಿಕ ಬಂದಾಗಿದೆ, ಅವನಿಗೆ ಇದ್ದ ಒಬ್ಬನೇ ದೋಸ್ತ್ ರಿಕ್ ಜೋನ್ಸ್ ಸಹ ಆ ಕಡೆಗೆ ಸೇರಿದ್ದಾನೆ. ಜಗತ್ತು ಗೆಲ್ಲುವ ಕೋಪ ಅಲ್ಲ ಅದು, ಮದುವೆಗೆ ಹೇಳಿಕೆ ಬರ್ಲಿಲ್ಲ ಅನ್ನುವ ಕೋಪ. ನ್ಯೂಯಾರ್ಕಿಗೆ ನುಗ್ತಾನೆ. ಫೆಂಟಾಸ್ಟಿಕ್ ಫೋರಿನಲ್ಲಿ ಯಜಮಾನನಿಗೆ ಕಾಯಿಲೆ, ಉಳಿದಿಬ್ಬರು ಆಸ್ಪತ್ರೆ ಪಾಲು, ನಿಂತವನು ಥಿಂಗ್ ಒಬ್ಬನೇ. ಕಲ್ಲಿನ ಮೈ, ಬಾಯಿ ತೆರೆದ್ರೆ ಜಗಳ, ಆದ್ರೆ ಇವನ ಶಕ್ತಿಗೆ ಒಂದು ಮಿತಿ ಉಂಟು. ಹಲ್ಕಿಗೆ ಹಾಗಲ್ಲ, ಕೋಪ ಏರಿದಷ್ಟೂ ಬಲ. ಅಂದ್ರೆ ಹೊತ್ತು ಹೋದಷ್ಟೂ ಥಿಂಗ್ ಸೋಲುವುದು ಖಾತ್ರಿ, ಅದು ಅವನಿಗೂ ಗೊತ್ತು. ಗೊತ್ತಿದ್ದೂ ಎದ್ದು ನಿಲ್ತಾನೆ. ಮತ್ತೆ ಬೀಳ್ತಾನೆ. ಮತ್ತೆ ಏಳ್ತಾನೆ. ಕರ್ಬಿ ಬರೆದ ಆ ಬೆರಳುಗಳು ನೋಡ್ಬೇಕು, ನಾಲ್ಕೇ ಬೆರಳು, ಇಟ್ಟಿಗೆ ತುಂಡಿನ ಹಾಗೆ, ನೆಲಕ್ಕೆ ಊರಿ ಏಳ್ಲಿಕ್ಕೆ ನೋಡುವಾಗ ಆ ಕೈ ನಡುಗುವುದು ಬರೀ ಎರಡು ಮೂರು ಗೆರೆಯಲ್ಲಿ ಗೊತ್ತಾಗ್ತದೆ. ಅಷ್ಟಾದ ಮೇಲೆ ಎರಡನೇ ಭಾಗದಲ್ಲಿ ಅವೆಂಜರ್ಸ್ ಬರ್ತಾರೆ, ಹಲ್ಕನ್ನು ಹಿಡಿಯುವುದು ನಾವು ನೀವು ಅಂತ ಎರಡು ಗುಂಪಿನವರೂ ಒಬ್ಬರ ಕಾಲಿಗೊಬ್ಬರು ತೊಡರ್ತಾರೆ, ಸೊಸೈಟಿ ಮೀಟಿಂಗ್ ಹಾಗೆ, ಆಮೇಲೆ... ಆಮೇಲೆ ಪುಟ ಇಲ್ಲ.

ಅಳಿಯ ಎರಡು ನಿಮಿಷದಲ್ಲಿ ಫೋನಲ್ಲಿ ಹುಡುಕಿದ. "ಮಾಮ, ಸಿಕ್ತು, ಹೇಳ್ಲಾ?" ಬಾಯಿ ಮುಚ್ಚೋ ಅಂದೆ.

ಮುಂದಿನ ಆದಿತ್ಯವಾರ ವಾಪಸ್ ತಗೊಂಡು ಹೋದೆ. ಅವನು ನನ್ನ ಮೇಲೇ ರೇಗಿದ, ನಾನೇ ಕೊಯ್ದು ತಂದೆ ಅಂತ. ನಾನೂ ಬಿಡ್ಲಿಲ್ಲ. ಫುಟ್‌ಪಾತಲ್ಲಿ ಹೋಗುವ ಒಬ್ಬರು ಅಜ್ಜ ನಿಂತು ನೋಡಿ "ಅರೆ ಕಾಯಕೋ" (ಎಂತಕ್ಕೆ ಜಗಳ) ಅಂತ ನಡುವೆ ಬಂದ್ರು, ನಮ್ಮ ಕಾಳಗಕ್ಕೆ ಈಶ್ವರ ಅವರೇ. ಕೊನೆಗೆ ಹಣ ವಾಪಸ್ ಕೊಡ್ಲಿಲ್ಲ, ಪುಸ್ತಕ ನನ್ನ ಹತ್ರವೇ ಇರ್ಲಿ, ಮುಂದಿನ ಐಟಂಗೆ 150 ಕಡಿಮೆ ಅಂತ ಆಯ್ತು. ಆಮೇಲೆ ಇಬ್ಬರೂ ಒಟ್ಟಿಗೆ ಕಟಿಂಗ್ ಚಹಾ ಕುಡಿದೆವು, ದುಡ್ಡು ಅವನೇ ಕೊಟ್ಟ. ಹಾಗಾಗಿ ಸರ್ವಿಸಿಗೆ ಎಷ್ಟು ಮಾರ್ಕು ಕೊಡ್ಬೇಕು ಅಂತ ನನಗೆ ಗೊತ್ತಾಗ್ತಿಲ್ಲ.

ಅದೇ ಬೈಂಡಿನಲ್ಲಿ 1965ರ ಡೇರ್‌ಡೆವಿಲ್ 7ನೇದು ಪೂರ್ತಿ ಉಂಟು, ಅದೊಂದಕ್ಕೇ ಕೊಟ್ಟ ದುಡ್ಡು ಬಂತು. ವಾಲಿ ವುಡ್ ಚಿತ್ರ, ಡೇರ್‌ಡೆವಿಲ್‌ನ ಕೆಂಪು ವೇಷ ಶುರುವಾದದ್ದು ಇದರಿಂದ. ಎದುರಿಗೆ ನೇಮರ್, ಸಮುದ್ರದೊಳಗಿನ ಅಟ್ಲಾಂಟಿಸ್ ರಾಜ. 1939ರಲ್ಲಿ ಬಿಲ್ ಎವರೆಟ್ ಮಾಡಿದ ಪಾತ್ರ, ಅಂದ್ರೆ ಈ ಎಲ್ಲ ಮುಂಗೋಪಿಗಳಿಗೆ ದೊಡ್ಡಪ್ಪ. ನೀರೊಳಗಿದ್ದೂ ಬೆವರಿದ ದುರ್ಯೋಧನನ ಜಾತಿ, ಇಡೀ ಸಮುದ್ರ ಸುತ್ತ ಇದ್ರೂ ಒಳಗೆ ಆರುವುದಿಲ್ಲ. ಈ ಕಥೆಯಲ್ಲಿ ಅವನು ಭೂಮಿ ಮೇಲಿನವರ ಮೇಲೆ ಕೇಸ್ ಹಾಕ್ಬೇಕು ಅಂತ ವಕೀಲರನ್ನು ಹುಡುಕಿಕೊಂಡು ಬರ್ತಾನೆ, ನಿಜವಾಗಿಯೂ, ಚಡ್ಡಿ ಹಾಕಿಕೊಂಡು ಆಫೀಸಿಗೆ. ವಕೀಲ ಯಾರು, ಡೇರ್‌ಡೆವಿಲ್ ಮುಖವಾಡದ ಹಿಂದಿರುವ ಮ್ಯಾಟ್ ಮರ್ಡಾಕ್, ಕಣ್ಣು ಕಾಣದವನು. ಈ ಕೇಸ್ ನಿಲ್ಲುವುದಿಲ್ಲ ಅಂತ ಇವರು ಹೇಳಿದ್ರೆ, ಹಾಗಾದ್ರೆ ಕೋರ್ಟಿಗೆ ಹೋಗ್ಲಿಕ್ಕೆ ಬೇರೆ ದಾರಿ ಉಂಟು ಅಂತ ಊರು ಒಡೆದು ಹಾಕಿ ಅರೆಸ್ಟ್ ಆಗ್ತಾನೆ. ನಮ್ಮ ಬಿಲ್ಡಿಂಗ್ ರೀಡೆವಲಪ್‌ಮೆಂಟ್ ಕೇಸಿಗೆ ಇಂಥವರೊಬ್ಬರು ಬೇಕಿತ್ತು. ಆಮೇಲೆ ಅಟ್ಲಾಂಟಿಸಲ್ಲಿ ದಂಗೆ ಎದ್ದಿದೆ ಅಂತ ಸುದ್ದಿ ಬಂದು ಅವನು ಜೈಲು ಒಡೆದು ಹೊರಡುವಾಗ ಡೇರ್‌ಡೆವಿಲ್ ಅಡ್ಡ ನಿಲ್ತಾನೆ. ನಿಂತರೆ ಎಂತ ಆಗ್ತದೆ? ಇವನ ಹತ್ರ ಇರುವುದು ಒಂದು ಕೋಲು. ಪೆಟ್ಟಿನ ಮೇಲೆ ಪೆಟ್ಟು ತಿಂದು, ಎಚ್ಚರ ತಪ್ಪುವವರೆಗೂ ಬಿಡುವುದಿಲ್ಲ. ಆ ಅಹಂಕಾರಿ ರಾಜ ಅವತ್ತು ಇವನ ಧೈರ್ಯಕ್ಕೆ ಮರ್ಯಾದೆ ಕೊಟ್ಟು, ಇನ್ನು ಯಾರಿಗೂ ತೊಂದರೆ ಮಾಡದೆ ಸಮುದ್ರಕ್ಕೆ ವಾಪಸ್ ಹೋಗ್ತಾನೆ.

"ಅಂದ್ರೆ ಸೋತವನೇ ಗೆದ್ದದ್ದಾ?" ಅಂದ ಅಳಿಯ. ಹಾಗೆ ಗಾದೆ ಮಾಡ್ಬೇಡ ಮಾರಾಯ, ಸೋತದ್ದು ಸೋತದ್ದೇ, ಆದ್ರೆ ಜಗಳ ನಿಂತಿತಲ್ಲ, ಯಾವುದಕ್ಕೆ ನಿಂತಿತು ಅಂತ ನೋಡು ಅಂದೆ. ನನಗೆ ಇವುಗಳಲ್ಲಿ ಬೇಕಾದದ್ದು ಅದೊಂದೇ. ಯಾರ ಕೈ ಮೇಲಾಯ್ತು ಅನ್ನುವುದು ಬರೆಯುವವರ ಮರ್ಜಿ, ಮುಂದಿನ ತಿಂಗಳು ಉಲ್ಟಾ ಬರೀತಾರೆ.

ನೇಮರ್ ಬಗ್ಗೆ ಇನ್ನೂ ಒಂದು ಹೇಳ್ದಿದ್ರೆ ಊಟ ಸೇರುವುದಿಲ್ಲ. ಈ ಅಂಗಡಿಯಲ್ಲಿ ಒಂದು ಗಟ್ಟಿ ರಟ್ಟಿನ ಪುಸ್ತಕ ಇತ್ತು, ಬಹಳ ಹಳೆ ಕಥೆಗಳ ರೀಪ್ರಿಂಟು, 1200 ಅಂದ, ಇಳಿಯಲೇ ಇಲ್ಲ. ಅಲ್ಲೇ ನಿಂತು ಓದಿದೆ. 1940ರಲ್ಲಿ ಬಂದ ಬೆಂಕಿ ಮನುಷ್ಯ ಹ್ಯೂಮನ್ ಟಾರ್ಚ್ ಮತ್ತು ನೇಮರ್ ಜಗಳ, ಮಾರ್ವೆಲ್ ಮಿಸ್ಟರಿ ಕಾಮಿಕ್ಸಿನ 8 ಮತ್ತು 9ನೇ ಸಂಚಿಕೆ, ಒಂದು ಪುಸ್ತಕದ ಇಬ್ಬರು ಹೀರೋಗಳು ಹೀಗೆ ಬಡಿದಾಡಿದ್ದು ಅಂತ ಎಲ್ರೂ ಮೊದಲು ಹೇಳುವ ಉದಾಹರಣೆ ಇದೇ. ಒಬ್ಬ ಬೆಂಕಿ, ಒಬ್ಬ ನೀರು, ಎಲ್ಲಿಂದ ಗೆಲ್ಲುವುದು? ಗೆಲ್ಲುವುದೇ ಇಲ್ಲ. ಎರಡು ಸಂಚಿಕೆ ಹೊಡೆದಾಡಿ, 10ನೇ ಸಂಚಿಕೆಯಲ್ಲಿ ಒಂದೇ ಒಂದು ಪುಟದಲ್ಲಿ ಬೆಟಿ ಡೀನ್ ಅನ್ನುವ ಹೆಂಗಸು ಬಂದು ಸಾಕು ನಿಲ್ಲಿಸಿ ಅಂತಾಳೆ, ಇಬ್ಬರೂ ನಿಲ್ಲಿಸಿ ಮನೆಗೆ ಹೋಗ್ತಾರೆ. ಅಷ್ಟು ಚೆಂದ ಮುಗಿದ ಜಗಳ ಇನ್ನೊಂದಿಲ್ಲ. ಆದ್ರೆ ಮರುವರ್ಷ ಮತ್ತೆ ಶುರು, ಆ ಸಲ ನೇಮರ್ ನ್ಯೂಯಾರ್ಕಿನ ಮೇಲೆ ಸಮುದ್ರವನ್ನೇ ತಿರುಗಿಸ್ತಾನೆ. ನನಗೆ ಅದನ್ನು ಈಗ ನೋಡ್ಲಿಕ್ಕೆ ಮನಸ್ಸು ಬರುವುದಿಲ್ಲ, ಜುಲೈ 26 ನೋಡಿದವನಿಗೆ ಚಿತ್ರದ ನೀರು ಸಹ ನೀರೇ.

ಇನ್ನೊಂದು, ಇದು ಬೈಂಡಿನಲ್ಲಿ ಇರ್ಲಿಲ್ಲ, ನೆನಪಿಂದ ಹೇಳುವುದು. 1962ರ ಫೆಂಟಾಸ್ಟಿಕ್ ಫೋರ್ 4ನೇದರಲ್ಲಿ ನೇಮರ್ ವಾಪಸ್ ಬರುವ ದೃಶ್ಯ. ಆ ನಾಲ್ವರಲ್ಲಿ ಒಬ್ಬ, ಹೊಸ ಟಾರ್ಚ್ ಹುಡುಗ ಜಾನಿ, ಮನೆಯಲ್ಲಿ ಜಗಳ ಆಡಿ ಬಂದು, ಪುಡಿಗಾಸಿಗೆ ಮಲಗ್ಲಿಕ್ಕೆ ಜಾಗ ಕೊಡುವ ಒಂದು ಕೊಳಕು ಲಾಡ್ಜಲ್ಲಿ ಹಳೆ ಕಾಮಿಕ್ಸ್ ಓದ್ತಾ ಇರ್ತಾನೆ. ಯಾವ ಕಾಮಿಕ್ಸು? ನೇಮರ್‌ದ್ದೇ, 1940ರ ಕಾಲದ್ದು. ಅದೇ ಲಾಡ್ಜಲ್ಲಿ ಗಡ್ಡ ಬಿಟ್ಟು, ತಾನ್ಯಾರು ಅಂತಲೇ ಮರೆತು ಕೂತ ಭಿಕಾರಿಯ ಗಡ್ಡವನ್ನು ಬೆಂಕಿಯಲ್ಲಿ ಬೋಳಿಸಿದ್ರೆ ಕೆಳಗೆ ಅದೇ ಮುಖ. ಕರ್ಕೊಂಡು ಹೋಗಿ ನೀರಿಗೆ ಹಾಕ್ತಾನೆ, ನೆನಪು ಬರ್ತದೆ, ಊರಿಗೆ ಈಜಿ ಹೋದ್ರೆ ಊರೇ ಇಲ್ಲ, ಅಣುಬಾಂಬ್ ಟೆಸ್ಟಿಗೆ ಹಾಳಾಗಿ ಹೋಗಿದೆ. ಈಗ ಹೇಳಿ, ಅವನಿಗೆ ಕೋಪ ಬರದೆ ಯಾರಿಗೆ ಬರ್ಬೇಕು. ಊರು ಬಿಟ್ಟು ಬಂದ ನಮಗೆ ಇದನ್ನು ಬಿಡಿಸಿ ಹೇಳ್ಬೇಕಾ. ಫುಟ್‌ಪಾತಲ್ಲಿ ಹಳೆ ಕಾಮಿಕ್ಸ್ ತಿರುವುವಾಗಲೆಲ್ಲ ನಾನು ಪಕ್ಕದಲ್ಲಿ ಕೂತ ಗಡ್ಡದವರನ್ನು ಒಂದು ಸಲ ನೋಡುವುದುಂಟು.

ಓದಿ ಮುಗಿಯುವಷ್ಟರಲ್ಲಿ ಅಂಗಡಿಯವ ಮೂರು ಸಲ ಕೆಮ್ಮಿದ. ಮೂರನೇ ಕೆಮ್ಮಿಗೆ ಇಟ್ಟುಬಿಡ್ಬೇಕು, ಅದು ನಿಯಮ.

ಮೂರನೇ ಐಟಂ ನಗ್ಲಿಕ್ಕೆ. ಬ್ಯಾಟ್‌ಮ್ಯಾನ್ ಇರುವ ಹೀರೋಗಳ ಗುಂಪಿನ ಕಥೆ, 1987ರ ಜಸ್ಟೀಸ್ ಲೀಗ್ 5, ಬಿಡಿ ಸಂಚಿಕೆ, 80 ರೂಪಾಯಿ. ಗಿಫನ್, ಡಿಮ್ಯಾಟೀಸ್ ಕಥೆ, ಕೆವಿನ್ ಮಗ್ವಾಯರ್ ಚಿತ್ರ. ಗೈ ಗಾರ್ಡನರ್ ಅಂತ ಒಬ್ಬ ಗ್ರೀನ್ ಲ್ಯಾಂಟರ್ನ್ (ಶಕ್ತಿಯೆಲ್ಲ ಬೆರಳಿನ ಉಂಗುರದಲ್ಲಿರುವ ಹೀರೋ), ಬಟ್ಟಲು ಕವುಚಿದ ಹಾಗಿರುವ ಹೇರ್‌ಕಟ್ಟು, ಎಲ್ರ ಮೇಲೂ ಎಗರುವುದು, ಲೀಡರ್ ನಾನಾಗ್ಬೇಕು ಅಂತ ಬ್ಯಾಟ್‌ಮ್ಯಾನಿಗೇ ಸವಾಲು ಹಾಕ್ತಾನೆ, ಉಂಗುರ ತೆಗೆದಿಟ್ಟು ಬರೀ ಕೈಯಲ್ಲಿ ಬಾ ಅಂತಾನೆ. ಒಂದು ಗುದ್ದು. ಒಂದೇ. ಮಲಗಿದ. ಪಕ್ಕದಲ್ಲಿದ್ದ ಬ್ಲೂ ಬೀಟಲ್‌ಗೆ ನಗು ತಡೆಯಲಿಕ್ಕೆ ಆಗುವುದಿಲ್ಲ, ಬ್ಲ್ಯಾಕ್ ಕ್ಯಾನರಿ ನಂತರ ಬಂದು ಅಯ್ಯೋ ನಾನು ಮಿಸ್ ಮಾಡಿದೆನಲ್ಲ ಅಂತ ಕೊರಗ್ತಾಳೆ. ಇದಕ್ಕಿಂತ ಮಜಾ ಆಮೇಲೆ, ಎಚ್ಚರ ಆಗಿ ಉಂಗುರ ಹುಡುಕ್ಲಿಕ್ಕೆ ಬಗ್ಗಿ ಏಳುವಾಗ ತಲೆಗೆ ಇನ್ನೊಂದು ಪೆಟ್ಟು ಬಿದ್ದು ಸಾಧು ಹಸು ಆಗಿಬಿಡ್ತಾನೆ, ಎಲ್ರಿಗೂ ನಮಸ್ಕಾರ ಚಮತ್ಕಾರ. ಮಗ್ವಾಯರ್ ಮುಖಗಳನ್ನು ಬರೆಯುವುದೇ ಹಾಗೆ, ಮಾತು ಓದದಿದ್ರೂ ಹುಬ್ಬು ನೋಡಿ ನಗು ಬರ್ತದೆ. ಇಲ್ಲಿ ಅಳಿಯ ಯಾರು ಗೆದ್ದದ್ದು ಅಂತ ಕೇಳ್ಲಿಕ್ಕೆ ಪುರುಸೊತ್ತೇ ಸಿಗ್ಲಿಲ್ಲ.

ಬ್ಯಾಟ್‌ಮ್ಯಾನ್ ಸೂಪರ್‌ಮ್ಯಾನ್ ಜಗಳದ ಬಗ್ಗೆ ಎಲ್ರೂ ಬರೆದಾಗಿದೆ, ನಾನು ಬರೆಯುವುದಿಲ್ಲ. ಪನಿಶರ್ ಬಗ್ಗೆಯೂ ನನಗೆ ದೊಡ್ಡ ಪ್ರೀತಿ ಇಲ್ಲ. 1974ರಲ್ಲಿ ಸ್ಪೈಡರ್‌ಮ್ಯಾನ್ 129ರಲ್ಲಿ ಬಂದಾಗ ಯಾರದೋ ಸುಳ್ಳು ಮಾತು ನಂಬಿ ಬಂದೂಕು ಹಿಡಿದು ಸ್ಪೈಡರ್‌ಮ್ಯಾನನ್ನು ಅಟ್ಟಿಸಿಕೊಂಡು ಬರ್ತಾನೆ, ಆ ಒಂದು ಕಥೆ ಚೆನ್ನಾಗಿದೆ, ಬಂದೂಕಿನವನ ಕೋಪಕ್ಕೂ ಕೈಯಲ್ಲಿ ಗುದ್ದುವವನ ಕೋಪಕ್ಕೂ ವ್ಯತ್ಯಾಸ ಉಂಟು ಅಷ್ಟೆ.

ಕೊನೇದು 1987ರ ಸ್ಪೈಡರ್‌ಮ್ಯಾನ್ ಮತ್ತು ವೂಲ್ವರಿನ್ ಒಂಟಿ ಸಂಚಿಕೆ. ಕವರ್ ನೋಡಿ ಅಳಿಯನೇ ಆರಿಸಿದ್ದು, ಹೊಡೆದಾಟ ಜಾಸ್ತಿ ಇರ್ಬಹುದು ಅಂತ. ನಾನು ಬಾಯಿ ಬಿಡ್ಲಿಲ್ಲ. ನ್ಯೂಯಾರ್ಕ್ ಬಿಟ್ಟು ಬರ್ಲಿನ್‌ನಲ್ಲಿ ನಡೆಯುವ ಕಥೆ. ಸ್ಪೈಡರ್‌ಮ್ಯಾನ್ ಪಾಪ ತನ್ನ ಊರಿನ ಎತ್ತರದ ಬಿಲ್ಡಿಂಗ್ ಇಲ್ಲದ ಕಡೆ ನೀರಿಂದ ತೆಗೆದ ಮೀನು. ವೂಲ್ವರಿನ್‌ಗೆ ಹಳೆ ಪರಿಚಯದ ಒಬ್ಬಳು ಗೂಢಚಾರಿ, ಅವಳ ಹಿಂದೆ ಕೊಲ್ಲುವವರು ಬಿದ್ದಿದ್ದಾರೆ, ಅವರ ಕೈಗೆ ಸಿಕ್ಕಿ ಸಾಯುವುದಕ್ಕಿಂತ ಗೆಳೆಯನ ಕೈಯಲ್ಲಿ ಸಾಯುವುದು ಮೇಲು ಅಂತ ಅವಳ ಲೆಕ್ಕ. ಅದನ್ನು ತಡೆಯಲಿಕ್ಕೆ ಸ್ಪೈಡರ್‌ಮ್ಯಾನ್ ವೂಲ್ವರಿನ್ ಜೊತೆ ರಾತ್ರಿ ಸ್ಮಶಾನದಲ್ಲಿ ಹೊಡೆದಾಡ್ತಾನೆ. ಯಾವತ್ತೂ ಕೈ ಹಗುರ ಮಾಡಿ ಹೊಡೆಯುವವನು, ಆವತ್ತು ಎದುರಿಗಿದ್ದವನ ಉಗುರಿಗೆ ಹೆದರಿ ಪೂರ್ತಿ ಬಲ ಬಿಟ್ಟಿದ್ದಾನೆ. ಹಿಂದಿಂದ ಯಾರೋ ಬಂದ ಹಾಗಾಯ್ತು, ವೂಲ್ವರಿನ್ನೇ ಅಂತ ತಿರುಗಿ ಬೀಸಿದ. ವೂಲ್ವರಿನ್ ಅಲ್ಲ, ಅವಳು. ಬೇಕಂತಲೇ ಬಂದು ನಿಂತದ್ದು.

ಅಳಿಯ ಲೋಕಲಲ್ಲಿ ಕಿಟಕಿ ಸೀಟಿಗೆ ಕೂತು ಅದನ್ನು ಓದಿ ಮುಗಿಸಿದ, ಥಾಣೆ ಬಂದಿರ್ಬೇಕು ಆಗ. ಸ್ವಲ್ಪ ಹೊತ್ತು ಹೊರಗೆ ನೋಡಿದ. ಆಮೇಲೆ ಕೇಳಿದ, "ಮಾಮ, ಇದನ್ನು ವಾಪಸ್ ಕೊಡ್ಲಿಕ್ಕೆ ಆಗ್ತದಾ?"

ಆಗುವುದಿಲ್ಲ. ಈ ಅಂಗಡಿಯಲ್ಲಿ ರಿಟರ್ನ್ ಇಲ್ಲ, ಮೇಲೆ ಹೇಳಿದೆನಲ್ಲ.

ಹೋಗುವವರಿಗೆ ನಾಲ್ಕು ಮಾತು. ಸೆಂಟ್ರಲ್ ಮಾಟುಂಗಾ ಸ್ಟೇಶನಿಂದ ನಡೆದೇ ಹೋಗ್ಬಹುದು, ಹಾರ್ಬರ್ ಲೈನಿನವರು ಕಿಂಗ್ಸ್ ಸರ್ಕಲ್ಲಲ್ಲೇ ಇಳೀರಿ. ಬೆಳಿಗ್ಗೆ 11ರ ನಂತರ ಹೋಗಿ, ಅದಕ್ಕೆ ಮೊದಲು ಟರ್ಪಾಲ್ ಬಿಚ್ಚಿರುವುದಿಲ್ಲ. ಮಳೆಗಾಲದಲ್ಲಿ ಹೋಗ್ಲೇಬೇಡಿ, ಆ ಜಾಗದಲ್ಲಿ ನೀರು ನಿಲ್ಲುವುದು ಇಡೀ ಮುಂಬೈಗೆ ಗೊತ್ತು, ಜೂನಿಂದ ಅವನು ಕಾಮಿಕ್ಸ್ ಎಲ್ಲ ಎಲ್ಲಿಗೋ ಸಾಗಿಸಿ ಬರೀ ಗೈಡು ಇಡ್ತಾನೆ. ಊಟದ ಹೊತ್ತಿಗೆ ಹೊರಟ್ರೆ ಸುತ್ತಮುತ್ತ ಉಡುಪಿ ಹೋಟೆಲಲ್ಲಿ ಕ್ಯೂ, ಹಾಗಾಗಿ ಮೊದಲು ತಿಂಡಿ, ನಂತರ ಪುಸ್ತಕ, ಆದ್ರೆ ತುಪ್ಪದ ಕೈ ತೊಳೆದುಕೊಂಡು ಹೋಗಿ, ನಾನು ಜಸ್ಟೀಸ್ ಲೀಗ್ ಕವರಿಗೆ ಒಂದು ಬೆರಳಚ್ಚು ಒತ್ತಿ ಆಗಿದೆ. ಟೇಪ್ ಹಾಕಿದ್ದು ಯಾವುದನ್ನೂ ತೆರೆಯದೆ ತಗೋಬೇಡಿ, ಅವನು ಎಷ್ಟು ಬೇಕಾದ್ರೂ ರೇಗಲಿ. ಸ್ಟಾಕಿಗೆ 5ರಲ್ಲಿ 4, ರೇಟಿಗೆ 3, ಮಾಲೀಕನ ಸ್ವಭಾವಕ್ಕೆ 2, ಅವನು ಕುಡಿಸಿದ ಚಹಾಕ್ಕೆ 5.

ಆ 1200ರ ಪುಸ್ತಕ ಇನ್ನೂ ಅಲ್ಲೇ ಎರಡನೇ ಹಲಗೆಯಲ್ಲಿ ಉಂಟು, ನಿಮ್ಮಲ್ಲಿ ಯಾರಾದ್ರೂ ತಗೊಂಡ್ರೆ ಒಂದು ಮಾತು ಹೇಳಿ, 9ನೇ ಸಂಚಿಕೆಯ ಕೊನೆ ನಾಲ್ಕು ಪುಟ ನಾನು ಕೆಮ್ಮಿನ ಗಡಿಬಿಡಿಯಲ್ಲಿ ಸರಿಯಾಗಿ ನೋಡ್ಲಿಲ್ಲ.